ಮ್ಯಾಕ್‌ಬೆತ್‌ಗೆ ಗೆಜ್ಜೆ ಕಟ್ಟುವ ಬಗೆ

ಷೇಕ್ಸ್‌ಪಿಯರನ ನಾಟಕವನ್ನು ಯಕ್ಷಗಾನ ಮಾಡುತ್ತೇನೆಂದು ಬರುವ ಹುಡುಗರ ಕೈಯಲ್ಲಿ ಹೆಚ್ಚಾಗಿ ಸಂಭಾಷಣೆ ತುಂಬಿದ ಹಸ್ತಪ್ರತಿ ಇರುತ್ತದೆ. ಅದನ್ನು ಮೊದಲು ಬದಿಗಿಡಿ. ಪ್ರಸಂಗ, ಅಂದರೆ ಯಕ್ಷಗಾನದ ಕೃತಿ, ಬರೀ ಪದ್ಯ. ಅರ್ಥ, ಅಂದರೆ ಮಾತು, ವೇಷಧಾರಿಯ ಸೊತ್ತು, ಪದ್ಯ ಕೇಳಿ ಅವನೇ ಕಟ್ಟಿಕೊಳ್ಳುತ್ತಾನೆ. ಮೂಲದ ಯಾವ ಮಾತು ಉಳಿಯಲೇಬೇಕೋ ಅದನ್ನು ಪದ್ಯದೊಳಗೆ ತನ್ನಿ, ಉಳಿದದ್ದರ ಆಸೆ ಬಿಡಿ.

ಹೆಸರು ಬದಲಿಸಿ. ‘ಮ್ಯಾಕ್‌ಬೆತ್’ ಎಂದು ಭಾಗವತ ಎಳೆದು ಹಾಡಲಾಗದು, ಪ್ರಾಸಕ್ಕೂ ಅದು ಒಗ್ಗದು. ನಾನು ‘ಮೇಘಬಾಹು’ ಎಂದಿಟ್ಟುಕೊಂಡಿದ್ದೇನೆ. ಬಿ.ಎಂ.ಶ್ರೀಯವರು 1929ರಲ್ಲಿ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ವೀರ ಅಯಾಸನನ್ನು ಅಶ್ವತ್ಥಾಮನನ್ನಾಗಿ ಮಾಡಿದರು, ಅದು ಅವರಿಗೆ ಒದಗಿತು. ಯಕ್ಷಗಾನದಲ್ಲಿ ಮಾತ್ರ ಪುರಾಣದ ಹೆಸರು ಬೇಡ. ಸಭಿಕರಿಗೆ ಆ ಪಾತ್ರದ ಹಳೆಯ ಕತೆಯೆಲ್ಲ ಬಾಯಿಪಾಠ, ನಿಮ್ಮದನ್ನು ನಂಬುವುದಿಲ್ಲ.

ಸ್ವಗತಗಳಿಗೆ ಹೆದರಬೇಕಾಗಿಲ್ಲ. ನಮ್ಮಲ್ಲಿ ವೇಷಧಾರಿ ಮನಸ್ಸಿನ ಮಾತನ್ನು ಭಾಗವತನೊಡನೆಯೇ ಆಡುವುದುಂಟಲ್ಲ! ಕಠಾರಿ ಕಾಣುವ ಸನ್ನಿವೇಶಕ್ಕೆ ಅರ್ಧ ಭಾಮಿನಿ ಷಟ್ಪದಿ, ಅಂದರೆ ಮೂರು ಸಾಲು, ಸಾಕು:

ಎದುರೊಳಾಡುವುದೇನು ಬಾಕಿದು
ಬೆದರಿ ಬೆರಳನು ನೀಡೆ ಬರಿಗೈ
ಹೃದಯದೊಳಗಣ ಕೊಲೆಯೆ ಬಾಕಿನ ರೂಪ ತಳೆದುದೊ ಹಾ

ಇದನ್ನು ತಾಳ ಬಿಟ್ಟು ಹಾಡಿಸಿ. ತಾಳ ಬಿದ್ದರೆ ಕಾಲು ಕುಣಿಯುತ್ತದೆ, ಇವನಿಗಿಲ್ಲಿ ಹೆಜ್ಜೆ ಕಿತ್ತಿಡಲಿಕ್ಕೇ ಆಗಬಾರದು.

ಮುಂದಿನದು ಕೊಲೆ. ಯಕ್ಷಗಾನದಲ್ಲಿ ವಧೆ ರಂಗದ ಮೇಲೆಯೇ ಆಗುತ್ತದೆ, ಚೆಂಡೆ ಮೊರೆಯುತ್ತದೆ, ಜನಕ್ಕೂ ಅದೇ ಬೇಕು. ಷೇಕ್ಸ್‌ಪಿಯರ್ ಅರಸ ಡಂಕನ್‌ನ ಕೊಲೆಯನ್ನು ತೋರಿಸಲೇ ಇಲ್ಲ. ಇಲ್ಲಿ ಮೂಲದ ಮಾತು ಕೇಳಿ. ಅರಸ ಮಲಗಲು ಹೋದ ಕ್ಷಣದಿಂದ ಚೆಂಡೆಯವರು ಕೋಲು ಕೆಳಗಿಡಲಿ. ಶ್ರುತಿ, ಮದ್ದಳೆ, ಜಾಗಟೆ, ಇಷ್ಟೇ. ಗಂಡ ರಕ್ತದ ಕೈಯಲ್ಲಿ ಬರುವುದು, ಹೆಂಡತಿ ಕಠಾರಿ ಕಸಿದುಕೊಂಡು ಒಳಗೆ ಹೋಗುವುದು, ಎಲ್ಲ ಮದ್ದಳೆಯ ಮೆಲುದನಿಯಲ್ಲೇ ನಡೆಯಲಿ. ಆಮೇಲೆ ಕೋಟೆಯ ಬಾಗಿಲು ಬಡಿಯುವ ಸದ್ದು ಬರುತ್ತದಲ್ಲ, ಅದು ಚೆಂಡೆಯ ಮೊದಲ ಪೆಟ್ಟಾಗಬೇಕು. ಒಂದೇ ಪೆಟ್ಟು. ನಿಲ್ಲಿಸಿ. ಮತ್ತೊಂದು. ಅಷ್ಟು ಹೊತ್ತು ಸುಮ್ಮನಿದ್ದ ವಾದ್ಯ ಹಾಗೆ ಎದ್ದರೆ ಮುಂದಿನ ಸಾಲಿನವರು ಬೆಚ್ಚುತ್ತಾರೆ. ಚೆಂಡೆಯವರು ಒಪ್ಪುವುದು ಕಷ್ಟ. ಕೊನೆಯ ಯುದ್ಧ ಪೂರ್ತಿ ಅವರದೇ ಎಂದು ಹೇಳಿ ಸಮಾಧಾನ ಮಾಡಿ.

ಬಾಗಿಲು ತೆಗೆಯುವ ಕಾವಲುಗಾರ ನಮ್ಮ ಹಾಸ್ಯಗಾರನೇ, ಏನೂ ತಿದ್ದಬೇಕಿಲ್ಲ. ಹೆಚ್ಚು ಬೆಳೆಸದಂತೆ ಮೊದಲೇ ಹೇಳಿಡಿ.

ವೇಷದಲ್ಲಿ ಒಂದು ಹಟ ಇಟ್ಟುಕೊಳ್ಳಿ: ಮೇಘಬಾಹುವನ್ನು ಬಣ್ಣದ ವೇಷ, ಅಂದರೆ ರಾಕ್ಷಸ ವೇಷ, ಮಾಡಬೇಡಿ. ಅವನು ಹುಟ್ಟಾ ರಾಕ್ಷಸನಲ್ಲ, ಗೆದ್ದು ಬಂದ ವೀರ. ಮುಂಡಾಸಿನಲ್ಲಿ ಬರಲಿ, ಪಟ್ಟವಾದ ಮೇಲೆ ಕಿರೀಟ ಇಡಲಿ, ಮುಖ ಮಾತ್ರ ಅದೇ ಇರಲಿ. ಬಣ್ಣ, ಆರ್ಭಟ ಎಲ್ಲ ಆ ಮೂವರು ಮಾಟಗಾತಿಯರಿಗೆ. ಅವರ ಒಡ್ಡೋಲಗದಿಂದಲೇ, ಅಂದರೆ ಕುಣಿತದ ಪ್ರವೇಶದಿಂದಲೇ, ಆಟ ಶುರುವಾದರೆ ಚೆಂದ.

ಔತಣದಲ್ಲಿ ಮೇಘಬಾಹು ಕೊಲ್ಲಿಸಿದ ಗೆಳೆಯ ಬ್ಯಾಂಕೋನ ಪ್ರೇತ ಬೇಕೇ? ನನ್ನ ಮಟ್ಟಿಗೆ ಬೇಡ. ಖಾಲಿ ರಥ (ರಂಗದ ಮೇಲಿನ ಆಸನ) ಇಡಿ, ಅದನ್ನು ನೋಡಿ ಅವನು ಬೆದರಲಿ. ಉಳಿದವರಿಗೆ ಕಾಣದ್ದನ್ನು ನಾವೂ ಕಾಣಬೇಕಾಗಿಲ್ಲ. ನಿದ್ದೆಯಲ್ಲಿ ನಡೆಯುವ ರಾಣಿಗೆ ಅರ್ಥವೇ ಬೇಡ. ವಿಳಂಬದಲ್ಲಿ ಒಂದು ಪದ್ಯ, ಕೈ ತೊಳೆಯುವ ಅಭಿನಯ. ಸ್ತ್ರೀವೇಷಧಾರಿ ಅನುಭವಿಯಾಗಿರಲಿ.

ನಡೆದು ಬರುವ ಕಾಡಂತೂ ನಮಗೆ ವರ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ಯಕ್ಷಗಾನ ಶೈಲಿಯಲ್ಲಿ ಆಡಿಸಿದ ಹಿಂದಿ ಮ್ಯಾಕ್‌ಬೆತ್‌ಗೆ ‘ಬರ್ನಮ್ ವನ’ ಎಂಬ ಹೆಸರಿದ್ದದ್ದು ಸುಮ್ಮನೆ ಅಲ್ಲ. ಕೈಯಲ್ಲಿ ಸೊಪ್ಪಿನ ಗೆಲ್ಲು ಹಿಡಿದ ಸೈನ್ಯದ ಪ್ರಯಾಣ ಕುಣಿತಕ್ಕೆ ಹತ್ತು ನಿಮಿಷವಾದರೂ ಕೊಡಿ. ಚೆಂಡೆಯವರಿಗೆ ಕೊಟ್ಟ ಮಾತನ್ನು ಇಲ್ಲಿ ಉಳಿಸಿಕೊಳ್ಳಬೇಕು.

ಪದ್ಯ ಮುಗಿದ ಕೂಡಲೇ ಗೆಜ್ಜೆ ಕಟ್ಟಿಸಬೇಡಿ. ಮೊದಲು ತಾಳಮದ್ದಳೆಯಾಗಿ, ಅಂದರೆ ವೇಷ, ಕುಣಿತವಿಲ್ಲದೆ ಹಾಡು, ಮಾತಿನಲ್ಲಷ್ಟೇ, ಕೂರಿಸಿ. ಒಳ್ಳೆಯ ಅರ್ಥಧಾರಿಗೆ ಎಲ್ಲಿ ಮಾತು ಹುಟ್ಟುವುದಿಲ್ಲವೋ ಅಲ್ಲಿ ಪದ್ಯವನ್ನು ತಿದ್ದಿ, ಎಲ್ಲಿ ನಿಲ್ಲುವುದೇ ಇಲ್ಲವೋ ಅಲ್ಲಿ ಮುಂದಿನ ಪದ್ಯವನ್ನು ಬೇಗ ಎತ್ತಿಕೊಳ್ಳುವಂತೆ ಭಾಗವತರ ಪ್ರತಿಯಲ್ಲಿ ಗುರುತು ಹಾಕಿ.