ನಟನೆ ಬಿಟ್ಟು ಪೆನ್ನು ಹಿಡಿದವರ ಬದುಕನ್ನು ಬರೆಯುವುದು ಹೇಗೆ?

ಸಿನಿಮಾದವರ ಬಗ್ಗೆ ಬರೆಯಲು ಕೂತರೆ ನಾವೆಲ್ಲ ಮಾಡುವುದು ಒಂದೇ. ಹುಟ್ಟಿದ್ದು, ಮೊದಲ ಸಿನಿಮಾ, ಹಿಟ್‌ಗಳ ಪಟ್ಟಿ, ಕೊನೆಗೆ "ಮುಂದೆ ಪುಸ್ತಕವನ್ನೂ ಬರೆದರು" ಅಂತ ಒಂದು ಸಾಲು. ಆ ಸಾಲಿನ ಹಿಂದೆಯೇ ಅಸಲಿ ಕಥೆ ಇರುತ್ತದೆ, ಅಲ್ವಾ?

ಉದಾಹರಣೆಗೆ ಅಮೆರಿಕದ ಮೂಕಿ ಚಿತ್ರಗಳ ನಟಿ ಲೂಯಿಸ್ ಬ್ರೂಕ್ಸ್ ಅವರನ್ನು ತೆಗೆದುಕೊಳ್ಳೋಣ. ಹುಟ್ಟಿದ್ದು 1906ರಲ್ಲಿ, ಕಾನ್ಸಸ್‌ನಲ್ಲಿ. ಹೆಸರು ತಂದದ್ದು ಬರ್ಲಿನ್‌ನಲ್ಲಿ ಪಾಬ್ಸ್ಟ್ ನಿರ್ದೇಶಿಸಿದ 1929ರ 'ಪಂಡೋರಾಸ್ ಬಾಕ್ಸ್'. ಇಷ್ಟು ಸಾಕು, ಇದನ್ನು ಎಲ್ಲರೂ ಬರೆದಿದ್ದಾರೆ.

ನೀವು ಮೊದಲು ಹುಡುಕಬೇಕಾದ್ದು ಖಾಲಿ ವರ್ಷಗಳನ್ನು. ಬ್ರೂಕ್ಸ್ ಅವರ ಕೊನೆಯ ಸಿನಿಮಾ 1938ರದು, ಅವರೇ ಬರೆದ 'ಲುಲು ಇನ್ ಹಾಲಿವುಡ್' ಪುಸ್ತಕ ಬಂದದ್ದು 1982ರಲ್ಲಿ. ನಡುವೆ 44 ವರ್ಷ! ಆಗ ಏನು ಮಾಡುತ್ತಿದ್ದರು? ವಿಚಿಟಾದಲ್ಲಿ ಡ್ಯಾನ್ಸ್ ಕಲಿಸಿದರು, ಅದು ಕೈಹಿಡಿಯಲಿಲ್ಲ. ನ್ಯೂಯಾರ್ಕ್‌ನಲ್ಲಿ ರೇಡಿಯೋ ನಾಟಕಗಳಲ್ಲಿ ದನಿ ಕೊಟ್ಟರು. ಒಂದು ಕಾಲದಲ್ಲಿ ಯಾರ ಬಾಬ್ ಕಟ್ ನೋಡಿ ಹೆಂಗಸರು ಕೂದಲು ಕತ್ತರಿಸಿಕೊಂಡರೋ ಅದೇ ನಟಿ ದೊಡ್ಡ ಅಂಗಡಿಯೊಂದರಲ್ಲಿ ಸೇಲ್ಸ್‌ ಕೆಲಸ ಮಾಡಿದರು. 1956ರಲ್ಲಿ, ರೋಚೆಸ್ಟರ್ ಊರಿನ ಫೋಟೋ-ಸಿನಿಮಾ ಮ್ಯೂಸಿಯಂ ಜಾರ್ಜ್ ಈಸ್ಟ್‌ಮನ್ ಹೌಸ್‌ನ ಚಿತ್ರ ಸಂಗ್ರಹ ನೋಡಿಕೊಳ್ಳುತ್ತಿದ್ದ ಜೇಮ್ಸ್ ಕಾರ್ಡ್ ಅವರ ಪ್ರೋತ್ಸಾಹದಿಂದ ರೋಚೆಸ್ಟರ್‌ಗೆ ಹೋದರು, ಅಲ್ಲಿ ಹಳೆಯ ಸಿನಿಮಾಗಳನ್ನು ನೋಡುತ್ತಾ ಬರೆಯತೊಡಗಿದರು. ನಿಮ್ಮ ಲೇಖನವನ್ನು ಇಲ್ಲಿಂದಲೇ ಶುರು ಮಾಡಿ ಅಂತ ನಾನು ಹೇಳುತ್ತೇನೆ. ಬರ್ಲಿನ್ ಆಮೇಲೆ ಬರಲಿ.

ಇನ್ನು, ಸಿನಿಮಾ ಯಾಕೆ ಬಿಟ್ಟರು ಅನ್ನುವುದಕ್ಕೆ ಗಾಸಿಪ್ ಹಿಡಿದು ಹೋಗಬೇಡಿ, ಘಟನೆ ಹುಡುಕಿ. ಮಾತಿನ ಚಿತ್ರಗಳು ಬಂದಾಗ, ಆಗಲೇ ಶೂಟಿಂಗ್ ಮುಗಿದಿದ್ದ ಒಂದು ಸಿನಿಮಾಕ್ಕೆ ದನಿ ಕೊಡಲು ಕರೆದರು, ಬ್ರೂಕ್ಸ್ ಬರಲ್ಲ ಅಂದರು. ಬೇರೆ ನಟಿಯ ದನಿ ಹಾಕಿದರು. ಸ್ಟುಡಿಯೋದವರು ಅದಕ್ಕೆ ಸೇಡು ತೀರಿಸಿಕೊಂಡರು ಅನ್ನುವುದು ಬ್ರೂಕ್ಸ್ ಅವರೇ ಹೇಳಿದ ಮಾತು. ಅಂಥ ಕಡೆ "ಅವರು ಹೇಳುವಂತೆ" ಅಂತ ಸೇರಿಸುವುದನ್ನು ಮರೆಯಬೇಡಿ. ನಟರ ನೆನಪು ಸುಳ್ಳು ಅಂತಲ್ಲ, ಆದರೆ ಕತೆಯನ್ನು ಚೆಂದವಾಗಿ ಹೇಳುವುದು ಅವರ ಕಸುಬು! ಬ್ಯಾರಿ ಪ್ಯಾರಿಸ್ 1989ರಲ್ಲಿ ಬರೆದ ಬ್ರೂಕ್ಸ್ ಜೀವನಚರಿತ್ರೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿ.

ಜಾಸ್ತಿ ಸಮಯ ಕೊಡಬೇಕಾದ್ದು ಬರಹಕ್ಕೆ. ಸುಮ್ನೆ "ಚೆನ್ನಾಗಿ ಬರೆದಿದ್ದಾರೆ" ಅಂದರೆ ಆಗಲ್ಲ. ಹಾಲಿವುಡ್ ನಟ ಹಂಫ್ರಿ ಬೋಗಾರ್ಟ್ ಬಗ್ಗೆ, ಹಾಸ್ಯನಟ ಡಬ್ಲ್ಯೂ. ಸಿ. ಫೀಲ್ಡ್ಸ್ ಬಗ್ಗೆ ಬ್ರೂಕ್ಸ್ ಬರೆದಿದ್ದಾರೆ. ಫೀಲ್ಡ್ಸ್ ಜೊತೆ ನಟಿಸಿಯೂ ಇದ್ದರು. ಪಕ್ಕದಲ್ಲಿ ನಿಂತು ನಟಿಸಿದವರ ಕಣ್ಣಿಗೆ ಬಿದ್ದದ್ದು, ಪ್ರೇಕ್ಷಕರ ಸೀಟಿನಲ್ಲಿ ಕೂತವರಿಗೆ ಕಾಣದ್ದು, ಅಂಥ ಎರಡು ಮೂರು ಜಾಗ ಗುರುತು ಮಾಡಿಕೊಳ್ಳಿ. ನಟನೆ ಬರವಣಿಗೆಗೆ ಏನು ಕೊಟ್ಟಿತು ಅಂತ ಅಲ್ಲಿ ಗೊತ್ತಾಗುತ್ತದೆ.

ಬರೆಯದೆ ಬಿಟ್ಟದ್ದನ್ನೂ ನೋಡಿ. ಬ್ರೂಕ್ಸ್ ಒಮ್ಮೆ ಆತ್ಮಕಥೆ ಬರೆದು, ಹಸ್ತಪ್ರತಿಯನ್ನು ತಾವೇ ಸುಟ್ಟುಹಾಕಿದರು. ಆತ್ಮಕಥೆ ಯಾಕೆ ಬರೆಯುವುದಿಲ್ಲ ಅಂತ ಆಮೇಲೆ ಒಂದು ಪ್ರಬಂಧವನ್ನೇ ಬರೆದರು: ಲೈಂಗಿಕ ಬದುಕಿನ ಸತ್ಯ ಹೇಳದೆ ಬರೆದರೆ ಅರ್ಥವಿಲ್ಲ, ಅದನ್ನು ಹೇಳಲು ತನಗೆ ಮನಸ್ಸಿಲ್ಲ. ಆ ಸುಟ್ಟ ಪುಟಗಳಲ್ಲಿ ಏನಿತ್ತು ಅಂತ ನೀವು ಊಹಿಸಿ ಬರೆಯಲು ಹೋಗಬೇಡಿ. ಸುಟ್ಟರು ಅಂತಷ್ಟೇ ಬರೆದು ಮುಂದಿನ ಪ್ಯಾರಾಕ್ಕೆ ಹೋಗಿ.