ಬಿಗಿದುಕೊಂಡ ಹಳೆಯ ಜರುಗು ಕಿಟಕಿಯನ್ನು ಮನೆಯಲ್ಲೇ ಸರಿಪಡಿಸುವುದು

ಮುಂಬಯಿಯ ಮಾಟುಂಗಾ, ದಾದರ್, ವಡಾಲಾ ಕಡೆಯ ಹಳೆಯ ಕಟ್ಟಡಗಳಲ್ಲಿ ರಸ್ತೆಯತ್ತ ಮುಖಮಾಡಿದ ಗ್ಯಾಲರಿಯನ್ನು, ಅಂದರೆ ಬಾಲ್ಕನಿಯನ್ನು, ಮುಚ್ಚಿ ಕೋಣೆ ಮಾಡಿಕೊಂಡವರು ಒಂದು ಕಾಲದಲ್ಲಿ ಸಾಗುವಾನಿಯ ಜರುಗು ಕಿಟಕಿಗಳನ್ನೇ ಹಾಕಿಸುತ್ತಿದ್ದರು. ಮೇಲೊಂದು, ಕೆಳಗೊಂದು ಮರದ ಜಾಡು. ಅದರೊಳಗೆ ಒಂದರ ಹಿಂದೊಂದು ಓಡಾಡುವ ಎರಡೋ ಮೂರೋ ಗಾಜಿನ ಪಡಿಗಳು. ನಮ್ಮ ಮಾಟುಂಗಾದ ಮನೆಯಲ್ಲೂ ಅಂಥ ಆರು ಪಡಿಗಳಿವೆ. ಇಂದು ಇಂಥ ಕಿಟಕಿ ಬಿಗಿದುಕೊಂಡಿತೆಂದರೆ ಅದನ್ನು ಕಿತ್ತು ಅಲ್ಯುಮಿನಿಯಂ ಹಾಕಿಸಿ ಎಂಬ ಸಲಹೆಯೇ ಮೊದಲು ಕೇಳಿಬರುತ್ತದೆ. ಆದರೆ ನಾನು ಬಿಚ್ಚಿ ನೋಡಿದ ಪಡಿಗಳಲ್ಲೆಲ್ಲ ಹಾಳಾಗಿದ್ದುದು ಕೆಳಗಿನ ಮೂರು ಇಂಚು ಮಾತ್ರ. ಅದರ ಮೇಲಿನ ಮರ ಇಂದು ಹಣ ಕೊಟ್ಟರೂ ಸುಲಭವಾಗಿ ಸಿಗದಂಥ ಗಟ್ಟಿ ತಿರುಳಾಗಿತ್ತು. ಅಂಥದ್ದನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಿಟಕಿ ಬಿಗಿಯುವುದು ಹಳೆಯದಾದ್ದರಿಂದಲ್ಲ, ನೀರಿನಿಂದ. ಮರವು ನೀರು ಕುಡಿದಾಗ ಅದರ ನಾರಿನ ಎಳೆಯ ಉದ್ದಕ್ಕೆ ಹೆಚ್ಚುಕಡಿಮೆ ಬೆಳೆಯುವುದೇ ಇಲ್ಲ, ಎಳೆಗೆ ಅಡ್ಡವಾಗಿ ಉಬ್ಬುತ್ತದೆ. ಹಾಗಾಗಿ ನಿಲುಪಟ್ಟಿಯ ಎತ್ತರ ಹಾಗೆಯೇ ಇದ್ದರೂ ಅಡ್ಡಪಟ್ಟಿಯ ಅಗಲ, ಪಡಿಯ ದಪ್ಪ ಮತ್ತು ಜಾಡಿನ ಎರಡು ಬದಿಯ ಗೋಡೆಗಳು ಉಬ್ಬಿಕೊಳ್ಳುತ್ತವೆ. ಮೂರು ಇಂಚಿನ ಪಟ್ಟಿ ಒಂದೇ ಒಂದು ಮಿಲಿಮೀಟರ್ ದಪ್ಪವಾದರೂ ಪಡಿ ಜರುಗುವುದು ನಿಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ, ನೈಋತ್ಯದ ಗಾಳಿ ಆ ಮಳೆಯನ್ನು ಗಾಜಿಗೆ ಅಡ್ಡಲಾಗಿ ಎರಚುವ ಮುಂಬಯಿಯಲ್ಲಿ ಇದು ಪ್ರತಿ ವರ್ಷದ ಕಥೆ. ಆದ್ದರಿಂದ ಮರವನ್ನು ಕೆತ್ತುವ ಮೊದಲು ನೀರು ಎಲ್ಲಿಂದ ಬಂತು, ಏಕೆ ನಿಂತಿತು ಎಂಬುದನ್ನು ಕಂಡುಹಿಡಿಯಬೇಕು.

ಕೆಲಸಕ್ಕೆ ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳು. ತಡವಾದರೂ ಬಣ್ಣದ ಕೊನೆಯ ಕೈ ಮೇ ತಿಂಗಳ ಮಧ್ಯದೊಳಗೆ ಮುಗಿದಿರಬೇಕು. ಮೊದಲ ಸಲ ನಾನು ಈ ಕೆಲಸಕ್ಕೆ ಕೈಹಾಕಿದ್ದು ಒಂದು ಜುಲೈ ತಿಂಗಳಿನಲ್ಲಿ. ಪಡಿ ಅಲುಗುತ್ತಿರಲಿಲ್ಲ, ಹತ್ತರಿ ಹಿಡಿದು ಕೆಳಗಿನಿಂದ ಒಂದು ಸೂತಿನಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಭಾಗದಷ್ಟು ಕೆತ್ತಿಬಿಟ್ಟೆ. ಅಂದು ಅದು ಬೆಣ್ಣೆಯಲ್ಲಿ ಚಾಕು ಆಡಿದಂತೆ ಓಡಿತು. ಜನವರಿಯಲ್ಲಿ ಮರ ಒಣಗಿ ಕುಗ್ಗಿದಾಗ ಅದೇ ಪಡಿ ಜಾಡಿನೊಳಗೆ ಗಡಗಡ ಅಲುಗಾಡತೊಡಗಿತು, ಮುಂದಿನ ಮಳೆಗೆ ಆ ಸಂದಿಯಿಂದಲೇ ನೀರು ಒಳಗೆ ಬಂತು. ಕೆತ್ತಿದ್ದನ್ನು ತುಂಬಲು ಮತ್ತೆ ಮರದ ಪಟ್ಟಿ ಅಂಟಿಸಬೇಕಾಯಿತು. ಮಳೆಗಾಲದಲ್ಲಿ ಬಿಗಿದ ಪಡಿಯನ್ನು ಮಳೆಗಾಲದಲ್ಲಿ ಕೆತ್ತಬಾರದು. ಎಲ್ಲಿ ಉಜ್ಜುತ್ತದೆ ಎಂದು ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಂಡು ಒಣಗುವವರೆಗೆ ಕಾಯಬೇಕು.

ಪರೀಕ್ಷೆಯನ್ನು ಮೇಲಿನಿಂದ ಆರಂಭಿಸಿ. ಕಿಟಕಿಯ ಹೊರಚೌಕಟ್ಟಿನ ಮೇಲಿನ ಪಟ್ಟಿಯ ಉದ್ದಕ್ಕೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ನಡುವೆ ಅದು ಕೆಳಕ್ಕೆ ಬಾಗಿದೆಯೇ ಎಂಬುದು ತಿಳಿಯುತ್ತದೆ. ಬಾಗಿದ್ದರೆ, ಜೊತೆಗೆ ಕಿಟಕಿಯ ಮೇಲೆ ಹೊರಚಾಚಿದ ಛಜ್ಜಾದ ಕಾಂಕ್ರೀಟು ಬಿರುಕುಬಿಟ್ಟು ತುಕ್ಕುಹಿಡಿದ ಕಬ್ಬಿಣ ಹೊರಗೆ ಕಾಣುತ್ತಿದ್ದರೆ, ಅದು ಬಡಗಿಯ ಕೆಲಸವಲ್ಲ. ಕಟ್ಟಡದ ಭಾರ ಕಿಟಕಿಯ ಮೇಲೆ ಕೂರುತ್ತಿದೆ. ಮೊದಲು ಸೊಸೈಟಿಗೆ, ದುರಸ್ತಿಗೆಂದು ಸೆಸ್ ಎಂಬ ತೆರಿಗೆ ಕಟ್ಟುವ ಹಳೆಯ ಕಟ್ಟಡವಾದರೆ ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿಗೆ ತಿಳಿಸಿ, ಇಂಜಿನಿಯರ್ ಬಂದು ನೋಡುವವರೆಗೆ ಪಡಿಗಳನ್ನು ತೆಗೆಯಬೇಡಿ. ಮೇಲ್ಪಟ್ಟಿ ನೇರವಾಗಿದ್ದರೆ ಕೆಳಜಾಡಿಗೆ ಬನ್ನಿ. ಅದರ ಗೋಡೆಗಳಿಗೆ ಬಣ್ಣದ ಸೀಮೆಸುಣ್ಣ ಬಳಿದು, ಪಡಿಯನ್ನು ಹೋದಷ್ಟು ದೂರ ಹಿಂದೆ ಮುಂದೆ ತಳ್ಳಿ. ಬಳಿದ ಬಣ್ಣ ಎಲ್ಲೆಲ್ಲಿ ಅಳಿಸಿದೆಯೋ ಅಲ್ಲಲ್ಲಿ ಮರ ತಿಕ್ಕುತ್ತಿದೆ.

ಪಡಿಯನ್ನು ಹೊರತೆಗೆಯುವುದು ಇಬ್ಬರ ಕೆಲಸ, ಇದರಲ್ಲಿ ಆತುರ ಸಲ್ಲದು. ಇಂಥ ಕಿಟಕಿಗಳಲ್ಲಿ ಮೇಲಿನ ಜಾಡು ಕೆಳಗಿನದಕ್ಕಿಂತ ಆಳವಾಗಿರುತ್ತದೆ. ಪಡಿಯನ್ನು ಪೂರ್ತಿ ಮೇಲಕ್ಕೆತ್ತಿದಾಗ ಅದರ ಬುಡ ಕೆಳಜಾಡಿನಿಂದ ಬಿಡಿಸಿಕೊಳ್ಳುತ್ತದೆ, ಆಗ ಬುಡವನ್ನು ಕೋಣೆಯೊಳಕ್ಕೆ ಎಳೆದುಕೊಂಡು ಪಡಿಯನ್ನು ಇಳಿಸಬೇಕು. ಎತ್ತುವ ಮೊದಲು ಗಾಜಿನ ಮೇಲೆ ಅಗಲವಾದ ಟೇಪನ್ನು ಗುಣಾಕಾರ ಚಿಹ್ನೆಯಂತೆ ಅಂಟಿಸಿ, ಪಡಿಯ ನಡುಪಟ್ಟಿಗೆ ಹಗ್ಗ ಕಟ್ಟಿ ಅದರ ಇನ್ನೊಂದು ತುದಿಯನ್ನು ಒಳಗಿನ ಗಟ್ಟಿ ಆಧಾರಕ್ಕೆ ಬಿಗಿಯಿರಿ. ಹೊರಗೆ ಕಬ್ಬಿಣದ ಗ್ರಿಲ್ ಇಲ್ಲದ ಮೇಲಂತಸ್ತಿನ ಕಿಟಕಿಯಾದರೆ ಕೆಳಗೆ ಯಾರೂ ನಿಲ್ಲದಂತೆ ಒಬ್ಬರನ್ನು ಕಾವಲಿಡಿ. ಹೊರಕ್ಕೆ ಬಾಗಿ ಮಾಡಬೇಕಾದ ಯಾವ ಕೆಲಸವನ್ನೂ ಮಾಡಬೇಡಿ. ಪ್ರತಿ ಪಡಿಗೂ ಅದರ ಜಾಗದ ಅಂಕಿಯನ್ನು ಒಳಮೈಯಲ್ಲಿ ಬರೆದಿಡಿ, ಹೊರನೋಟಕ್ಕೆ ಒಂದೇ ರೀತಿ ಕಂಡರೂ ಅವು ಅಳತೆಯಲ್ಲಿ ಒಂದೇ ಆಗಿರುವುದಿಲ್ಲ.

ಹಳೆಯ ಬಣ್ಣವನ್ನು ಕೆರೆಯುವಾಗ ಅದರಲ್ಲಿ ಸೀಸ ಇದೆಯೆಂದೇ ತಿಳಿದು ನಡೆದುಕೊಳ್ಳಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲು ಬಳಿದ ಪದರಗಳ ಮೇಲೆ ಒಣ ಮರಳುಕಾಗದ ಉಜ್ಜಿದರೆ ಆ ಪುಡಿ ನೆಲ, ಹಾಸಿಗೆ, ಮಕ್ಕಳ ಕೈಗಳನ್ನೆಲ್ಲ ಸೇರುತ್ತದೆ. ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿ, ಎನ್ 95 ಮುಖಗವಸು ಧರಿಸಿ, ಬಣ್ಣವನ್ನು ನೀರಿನಿಂದ ತೇವಗೊಳಿಸಿ ಕೆರೆಯಿರಿ, ಬೆಂಕಿಯ ಜ್ವಾಲೆಯಿಂದ ಸುಟ್ಟು ಬಿಡಿಸುವುದು ಬೇಡ. ಪುಡಿಯನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮನೆಯಲ್ಲಿ ಎಳೆಯ ಮಕ್ಕಳೋ ಗರ್ಭಿಣಿಯರೋ ಇದ್ದರೆ ಅವರು ಆ ದಿನಗಳಲ್ಲಿ ಆ ಕೋಣೆಯತ್ತ ಬಾರದಿರಲಿ.

ಇನ್ನು ಕೊಳೆತ ಭಾಗ. ದಬ್ಬಳದ ತುದಿಯಿಂದ ಪಡಿಯ ಕೆಳಗಿನ ಎರಡು ಮೂಲೆಗಳನ್ನು ಚುಚ್ಚಿ ನೋಡಿ. ನಿಲುಪಟ್ಟಿಯ ಕಡಿದ ತುದಿ ಸ್ಟ್ರಾಗಳ ಕಟ್ಟಿನಂತೆ ನೀರನ್ನು ಮೇಲಕ್ಕೆ ಹೀರುತ್ತದೆಯಾದ್ದರಿಂದ ಮೊದಲು ಮೆತ್ತಗಾಗುವುದು ಅಲ್ಲಿಯೇ. ದಬ್ಬಳ ಎರಡು ಮೂರು ಮಿಲಿಮೀಟರಿಗೇ ನಿಂತರೆ ಮರ ಗಟ್ಟಿಯಿದೆ. ಬೆಲ್ಲದ ಅಚ್ಚಿಗೆ ಚುಚ್ಚಿದಂತೆ ಒಳಹೋದರೆ ಆ ಭಾಗವನ್ನು ಉಳಿಸಿಕೊಂಡು ಪ್ರಯೋಜನವಿಲ್ಲ. ತಿಳಿಬಣ್ಣದ ಹೊರಮರ ಎಲ್ಲಿ ಸೇರಿಕೊಂಡಿದೆಯೋ ಅಲ್ಲಿ ಗೆದ್ದಲಿನ ಮಣ್ಣಿನ ಗೆರೆಗಳನ್ನೂ ಹುಡುಕಿ. ಸಾಗುವಾನಿಯನ್ನು ಕಾಯುವ ಎಣ್ಣೆಯಂಶ ಇರುವುದು ತಿರುಳಿನಲ್ಲಿ, ಹೊರಮರಕ್ಕೆ ಆ ರಕ್ಷಣೆಯಿಲ್ಲ.

ಗುಳಿ ಬೆರಳ ತುದಿಯಷ್ಟಿದ್ದರೆ ಮೆತ್ತಗಾದುದನ್ನು ಪೂರ್ತಿ ಕೆರೆದು, ಒಣಗಿಸಿ, ಅರಾಲ್ಡೈಟ್‌ನಂಥ ಎಪಾಕ್ಸಿ ಅಂಟಿಗೆ ಸಾಗುವಾನಿಯದೇ ಹೊಟ್ಟನ್ನು ಕಲಸಿ ತುಂಬಿದರೆ ಸಾಕು. ಅದಕ್ಕಿಂತ ದೊಡ್ಡದಾದರೆ ತುಂಬುವ ಯೋಚನೆ ಬಿಟ್ಟು ಮರದ ತೇಪೆ ಹಾಕಬೇಕು. ಗಟ್ಟಿ ಮರ ಸಿಗುವವರೆಗೆ, ಅಲ್ಲಿಂದ ಇನ್ನೂ ಅರ್ಧ ಇಂಚು ಮೇಲಕ್ಕೆ, ನಿಲುಪಟ್ಟಿಯನ್ನು ಓರೆಯಾಗಿ ಕೊಯ್ಯಿರಿ. ಓರೆಯ ಉದ್ದ ಪಟ್ಟಿಯ ದಪ್ಪದ ಮೂರು ನಾಲ್ಕು ಪಟ್ಟಾದರೂ ಇರಲಿ, ಇಳಿಜಾರು ಹೊರಮುಖದ ಕಡೆಗಿರಲಿ. ಆಗ ಕೂಡಿನ ಗೆರೆಯ ಮೇಲೆ ಹರಿದ ನೀರು ಒಳಕ್ಕೆ ಇಳಿಯದೆ ಹೊರಗೆ ಜಾರುತ್ತದೆ. ಅಡ್ಡಪಟ್ಟಿಯ ನಾಲಿಗೆ ನಿಲುಪಟ್ಟಿಯ ತೂತಿನೊಳಗೆ ಕೂರುವ ಮೂಲೆಯೇ ಕೊಳೆತಿದ್ದರೆ ಆ ನಾಲಿಗೆಯನ್ನೂ ಹೊಸದಾಗಿ ಮಾಡಬೇಕಾಗುತ್ತದೆ. ಉಳಿ ಹಿಡಿದು ಅಭ್ಯಾಸವಿಲ್ಲದವರು ಇದೊಂದು ಹಂತವನ್ನು ಬಡಗಿಗೆ ಒಪ್ಪಿಸುವುದೇ ಒಳ್ಳೆಯದು. ತೇಪೆಗೆ ಹೊಸ ಸಾಗುವಾನಿ ಬೇಡವೆಂಬುದು ನನ್ನ ಅಭಿಪ್ರಾಯ. ರೇ ರೋಡಿನ ಮರದ ಅಂಗಡಿಗಳಲ್ಲಿ ಅಥವಾ ಜೋಗೇಶ್ವರಿ ಬಳಿಯ ಓಶಿವಾರಾದ ಹಳೆಯ ಪೀಠೋಪಕರಣಗಳ ಪೇಟೆಯಲ್ಲಿ ಹುಡುಕಿದರೆ ಕೆಡವಿದ ಮನೆಗಳ ತುಂಡುಗಳು ಸಿಗುತ್ತವೆ, ದಶಕಗಳ ಕಾಲ ಒಣಗಿದ ಅವು ಇನ್ನು ಸೊಟ್ಟಗಾಗುವುದು ಕಡಿಮೆ. ತುಂಡಿನ ಎಳೆ ಪಡಿಯ ಎಳೆಯ ದಿಕ್ಕಿನಲ್ಲೇ ಇರಬೇಕು. ಸಾಮಾನ್ಯ ಬಿಳಿ ಅಂಟು ನೀರಿಗೆ ತಾಳುವುದಿಲ್ಲ. ಫೆವಿಕಾಲ್ ಮರೀನ್‌ನಂಥ ನೀರು ತಡೆಯುವ ಅಂಟನ್ನೋ ಎಪಾಕ್ಸಿಯನ್ನೋ ಬಳಸಿ, ಅಂಟಿಸುವ ಮುನ್ನ ಸಾಗುವಾನಿಯ ಮೈಯನ್ನು ಥಿನ್ನರ್‌ನಿಂದ ಒರೆಸಿ. ಅದರ ಸಹಜ ಎಣ್ಣೆಯೇ ಅಂಟನ್ನು ಹಿಡಿಯಗೊಡುವುದಿಲ್ಲ.

ಪಡಿಯ ಎರಡು ಕರ್ಣಗಳನ್ನು ಅಳೆದಾಗ ವ್ಯತ್ಯಾಸ ಬಂದರೆ ಚೌಕಟ್ಟು ವಾಲಿದೆ ಎಂದರ್ಥ. ಗಾಜು ತೆಗೆದು, ಸಡಿಲವಾದ ಕೂಡುಗಳಿಂದ ಹಳೆಯ ಅಂಟನ್ನು ಕೆರೆದು, ಹೊಸ ಅಂಟು ಹಾಕಿ ಜೋಡಿಸಿ. ದೊಡ್ಡ ಕ್ಲ್ಯಾಂಪ್ ಇಲ್ಲದವರು ಪಡಿಯ ಸುತ್ತ ಎರಡು ಸುತ್ತು ಹಗ್ಗ ಬಿಗಿದು, ಸುತ್ತುಗಳ ನಡುವೆ ಕೋಲು ತೂರಿಸಿ ತಿರುಚಿದರೆ ಅಷ್ಟೇ ಬಲ ಸಿಗುತ್ತದೆ. ಮೂಲೆಗಳಲ್ಲಿ ಹಗ್ಗದ ಅಡಿ ರಟ್ಟು ಇಡಿ. ಕರ್ಣಗಳು ಸಮವಾಗುವವರೆಗೆ ತಿದ್ದಿ, ಒಂದು ಹಗಲು ಒಂದು ರಾತ್ರಿ ಅಲುಗಿಸದೆ ಬಿಡಬೇಕು.

ಅಷ್ಟರಲ್ಲಿ ಜಾಡಿನ ಕೆಲಸ ಮಾಡಿಕೊಳ್ಳಬಹುದು, ಇಡೀ ದುರಸ್ತಿಯಲ್ಲಿ ನಾನು ಅತ್ಯಂತ ಮುಖ್ಯವೆಂದು ಎಣಿಸುವುದು ಇದನ್ನೇ. ಹಳೆಯ ಜಾಡಿನಲ್ಲಿ ಬಣ್ಣದ ಪದರಗಳು, ರಸ್ತೆಯ ಧೂಳು, ಪಾರಿವಾಳದ ಗರಿ, ಮೇಣ ಎಲ್ಲ ಸೇರಿ ಕಲ್ಲಾಗಿರುತ್ತವೆ. ಅಗಲ ಕಡಿಮೆಯ ಉಳಿಯಿಂದ ಅದನ್ನು ತೆಗೆದರೇ ಎಷ್ಟೋ ಪಡಿಗಳು ಮರ ಕೆತ್ತದೆ ಓಡತೊಡಗುತ್ತವೆ. ನೀರು ಹೊರಹೋಗಲು ಬಡಗಿ ಮೊದಲೇ ಕೊರೆದಿಟ್ಟ ರಂಧ್ರಗಳು ಇರಬಹುದು, ಅವು ಬಣ್ಣದಿಂದ ಮುಚ್ಚಿರುತ್ತವೆ. ಇದ್ದರೆ ಬಿಡಿಸಿ, ಇಲ್ಲದಿದ್ದರೆ ಕೋಣೆಯೊಳಗೆ ನಿಂತೇ ಜಾಡಿನ ತಳದಿಂದ ಹೊರಬದಿಗೆ ಇಳಿಜಾರಾಗಿ, ಸುಮಾರು ಒಂದು ಅಡಿಗೊಂದರಂತೆ, 6ರಿಂದ 8 ಮಿಲಿಮೀಟರ್ ಅಗಲದ ತೂತು ಕೊರೆಯಿರಿ. ಕೊರೆದ ತೂತಿನ ಒಳಮೈ ಬಣ್ಣವಿಲ್ಲದ ಬರಿ ಮರವೇ ಆಗಿರುವುದರಿಂದ ಸಣ್ಣ ಕುಂಚದಿಂದ ಎಪಾಕ್ಸಿ ಅಥವಾ ಪ್ರೈಮರ್ ಬಳಿದೇ ಮುಂದುವರಿಯಬೇಕು. ಜಾಡಿನ ತಳ ಪಡಿಯ ಓಡಾಟಕ್ಕೆ ಸವೆದು ಹಳ್ಳವಾಗಿದ್ದರೆ ಅದನ್ನು ಸಮಮಾಡಿ ಹಿತ್ತಾಳೆಯ ಪಟ್ಟಿ ಕೂರಿಸಬಹುದು. ಪಟ್ಟಿ, ಸಣ್ಣ ಗಾಲಿಗಳು, ಹಿತ್ತಾಳೆಯ ಸ್ಕ್ರೂಗಳು ನಾಗದೇವಿ ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಸಮುದ್ರದ ಉಪ್ಪುಗಾಳಿಗೆ ಕಬ್ಬಿಣದ ಸ್ಕ್ರೂ ಬೇಗ ತುಕ್ಕುಹಿಡಿಯುತ್ತದೆ. ಹಿತ್ತಾಳೆ ಮೆದುವಾದ್ದರಿಂದ ಗಟ್ಟಿ ಮರದಲ್ಲಿ ಅದರ ತಲೆ ಮುರಿಯುತ್ತದೆ. ಮೊದಲು ತೂತು ಕೊರೆದು, ಅದೇ ಅಳತೆಯ ಉಕ್ಕಿನ ಸ್ಕ್ರೂ ತಿರುಗಿಸಿ ತೆಗೆದು, ಆಮೇಲೆ ಹಿತ್ತಾಳೆಯದನ್ನು ಹಾಕಿ.

ಜಾಡಿಗೆ ಎಣ್ಣೆ ಬಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಬಹಳ ಹಳೆಯದು. ಕೊಬ್ಬರಿ ಎಣ್ಣೆ ವಾರದೊಳಗೆ ಧೂಳು ಕೂಡಿಸಿಕೊಂಡು ಜಿಗುಟಾಗುತ್ತದೆ, ಸಾಬೂನು ತೇವ ಹೀರುತ್ತದೆ. ಒಣಗಿದ ಜಾಡಿನ ಗೋಡೆಗಳಿಗೂ ಪಡಿಯ ಅಂಚುಗಳಿಗೂ ಸಾಮಾನ್ಯ ಮೇಣದಬತ್ತಿಯನ್ನು ಒತ್ತಿ ಉಜ್ಜುವುದೇ ಸರಿಯಾದ ಮದ್ದು. ಇಷ್ಟಾದ ಮೇಲೂ ಉಜ್ಜುವ ಜಾಗವಿದ್ದರೆ ಮಾತ್ರ ಹತ್ತರಿ ಹಿಡಿಯಿರಿ, ಒಂದು ಎಳೆತಕ್ಕೊಮ್ಮೆ ಪಡಿಯನ್ನು ಕೂರಿಸಿ ನೋಡಿ. ಒಣ ತಿಂಗಳಿನಲ್ಲಿ ಪಡಿಗೂ ಜಾಡಿನ ಗೋಡೆಗೂ ನಡುವೆ ಒಂದೊಂದು ಬದಿಗೆ ಒಂದರಿಂದ ಒಂದೂವರೆ ಮಿಲಿಮೀಟರ್ ಸಡಿಲವಿದ್ದರೆ ಮಳೆಗಾಲಕ್ಕೆ ಸರಿಹೋಗುತ್ತದೆ.

ಗಾಜನ್ನು ಮತ್ತೆ ಕೂರಿಸಲು ಬೇಕಾದ ಪುಟ್ಟಿಯನ್ನು, ಇಲ್ಲಿನ ಬಡಗಿಗಳು ಲುಕಣ ಎನ್ನುವುದನ್ನು, ಸೀಮೆಸುಣ್ಣದ ನಯವಾದ ಪುಡಿಗೆ ಕುದಿಸಿದ ಅಗಸೆ ಎಣ್ಣೆ ಸ್ವಲ್ಪಸ್ವಲ್ಪವೇ ಸೇರಿಸಿ ಚಪಾತಿ ಹಿಟ್ಟಿನ ಹದಕ್ಕೆ ನಾದಿ ಮಾಡಿಕೊಳ್ಳಬಹುದು. ಗಾಜು ಕೂರುವ ಅಂಚಿಗೆ ಮೊದಲು ಪ್ರೈಮರ್ ಬಳಿಯದಿದ್ದರೆ ಒಣ ಮರ ಎಣ್ಣೆಯನ್ನು ಹೀರಿ ಪುಟ್ಟಿ ಬಿರಿಯುತ್ತದೆ. ಗಾಜಿನ ಅಡಿಗೆ ತೆಳುವಾಗಿ ಪುಟ್ಟಿ ಹಾಸಿ, ಗಾಜನ್ನು ಅಂಚುಗಳಲ್ಲಿ ಮೆಲ್ಲಗೆ ಒತ್ತಿ, ಅರ್ಧ ಅಡಿಗೊಂದು ತಲೆಯಿಲ್ಲದ ಸಣ್ಣ ಮೊಳೆ ಕೊಟ್ಟು, ಮೇಲಿನ ಪುಟ್ಟಿಯನ್ನು ಓರೆಯಾಗಿ ಎಳೆಯಿರಿ. ಹೊಸ ಗಾಜು ಕೊಯ್ಯಿಸುವಾಗ ಉದ್ದ ಅಗಲ ಎರಡರಲ್ಲೂ 3 ಮಿಲಿಮೀಟರ್ ಕಡಿಮೆ ಹೇಳಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಿನಲ್ಲಿ ನೆನೆಸಿಡಿ ಅಥವಾ ಗಾಳಿಗೆ ಬಿಡಿಸಿ ಹರವಿ ಒಣಗಿಸಿ.

ಪುಟ್ಟಿಯ ಮೇಲೆ ಗಟ್ಟಿ ಪೊರೆ ಕಟ್ಟಲು ಎರಡು ವಾರವಾದರೂ ಬೇಕು, ಬಣ್ಣ ಅನಂತರ. ಒಂದು ಕೈ ಪ್ರೈಮರ್, ಎರಡು ಕೈ ಎನಾಮಲ್ ಸಾಕು, ನಡುವೆ 180ರ ಮರಳುಕಾಗದದಿಂದ ಹಗುರವಾಗಿ ಉಜ್ಜಬೇಕು. ಬಣ್ಣದ ಅಂಚು ಪುಟ್ಟಿಯನ್ನು ದಾಟಿ ಗಾಜಿನ ಮೇಲೆ ಎರಡು ಮಿಲಿಮೀಟರ್ ಹತ್ತಿರಲಿ, ಆ ತೆಳುಗೆರೆಯೇ ನೀರಿಗೆ ಬಾಗಿಲು ಹಾಕುತ್ತದೆ. ಪಡಿಯ ಬುಡದಲ್ಲಿ ಕಾಣದೆ ಉಳಿಯುವ ಕಡಿದ ತುದಿಗಳಿಗೆ ಮೂರು ಕೈ ಬಳಿಯಿರಿ. ಜಾಡಿನ ಒಳಗೆ ಮಾತ್ರ ಎನಾಮಲ್ ಬೇಡ, ಅಲ್ಲಿ ಪ್ರೈಮರ್‌ನ ತೆಳುಪದರ ಮತ್ತು ಮೇಣ ಇದ್ದರೆ ಸಾಕು.

ಪಡಿಗಳನ್ನು ಅಂಕಿಯ ಪ್ರಕಾರ ಕೂರಿಸಿದ ಮೇಲೆ ಒಂದು ಚೊಂಬು ನೀರನ್ನು ಕೆಳಜಾಡಿಗೆ ನಿಧಾನವಾಗಿ ಸುರಿದು ನೋಡಿ. ನಿಮಿಷದೊಳಗೆ ಅದು ತೂತುಗಳಿಂದ ಹೊರಗೆ ಇಳಿದು ಜಾಡಿನ ತಳ ಕಾಣಿಸಬೇಕು. ಎಲ್ಲಾದರೂ ನೀರು ನಿಂತರೆ ಆ ಜಾಗಕ್ಕೆ ಗುರುತು ಹಾಕಿ, ಒಣಗಿದ ಮೇಲೆ ಅಲ್ಲಿ ಇನ್ನೊಂದು ತೂತು ಕೊರೆಯಿರಿ.