ಲಕ್ವದ ನಂತರ ಮತ್ತೆ ಹೊಸ್ತಿಲು ದಾಟುವುದು ಹೇಗೆ?

ಅಪ್ಪನಿಗೆ ಎಡಭಾಗ ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಹಾಸನದ ನಮ್ಮ ಮನೆಗೆ ಕರೆತಂದ ದಿನ ನೋಡಲು ಬಂದವರೆಲ್ಲ ಕೇಳಿದ್ದು ಒಂದೇ: 'ಇನ್ನು ಯಾವಾಗ ಓಡಾಡ್ತಾರೆ?' ಇದಕ್ಕೆ ಯಾರೂ ತಾರೀಕು ಹೇಳಲಾರರು. ಆದರೆ ನಡಿಗೆ ವಾಪಸ್ ಬರುವುದಕ್ಕೊಂದು ದಾರಿ ಇದೆ.

ಲಕ್ವ ಹೊಡೆದಾಗ ಮಿದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಅದರ ಕೆಲಸವನ್ನು ಕಲಿಯಬೇಕು. ಕಲಿಯುವುದು ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿದಾಗ. ಮೊದಲ 3 ತಿಂಗಳು ಸುಧಾರಣೆ ಜೋರು, 6 ತಿಂಗಳವರೆಗೂ ಚೆನ್ನಾಗಿರುತ್ತದೆ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ. '6 ತಿಂಗಳಾಯ್ತು, ಇನ್ನೇನೂ ಆಗಲ್ಲ' ಎಂದು ಕೈಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಮೊದಲು ಹಾಸಿಗೆಯಲ್ಲೇ ಮಗ್ಗುಲು ಬದಲಿಸುವುದು. ಆಮೇಲೆ ಮಂಚದ ಅಂಚಿಗೆ ಬಂದು, ಎರಡೂ ಪಾದ ನೆಲಕ್ಕೂರಿ, ಪಕ್ಕಕ್ಕೆ ವಾಲದೆ ಕೂರುವುದು. ಡಾಕ್ಟರ್ ಒಪ್ಪಿದ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು, ದಿನಕ್ಕೆ ಹಲವು ಸಲ. ಎಬ್ಬಿಸುವಾಗ ಸೋತ ಕೈಯನ್ನು ಎಳೆಯಲೇಬೇಡಿ. ಭುಜದ ಕೀಲು ಜಾರಿ, ನೋವು ತಿಂಗಳುಗಟ್ಟಲೆ ಕಾಡುತ್ತದೆ.

ಮುಂದಿನದು ಕುರ್ಚಿಯಿಂದ ಏಳುವುದು. ನಡಿಗೆಗೆ ಬುನಾದಿ ಇದೇ. ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ ಎದ್ದೇಳಬೇಕು. ಕಷ್ಟವಾದರೆ ಎತ್ತರದ ಕುರ್ಚಿ ಹಾಕಿ. ನಿಂತ ಮೇಲೆ ಅಡುಗೆಮನೆ ಕಟ್ಟೆ ಹಿಡಿದು ಸೋತ ಕಾಲಿಗೂ ಭಾರ ಕೊಡಬೇಕು. ಎಲ್ಲರೂ ಗಟ್ಟಿ ಕಾಲಿನ ಮೇಲೇ ನಿಲ್ಲುತ್ತಾರೆ. ಹಾಗಾದರೆ ಸೋತ ಕಾಲು ಕಲಿಯುವುದು ಯಾವಾಗ?

ಹೆಜ್ಜೆ ಹಾಕುವಾಗ ನೀವು ಸೋತ ಕಡೆ, ಸ್ವಲ್ಪ ಹಿಂದೆ ನಿಂತು ಸೊಂಟದ ಬೆಲ್ಟ್ ಹಿಡಿಯಿರಿ. ಕೋಲು ಇರಬೇಕಾದ್ದು ಗಟ್ಟಿ ಕೈಯಲ್ಲಿ. ಮೊದಲು ಕೋಲು, ಆಮೇಲೆ ಸೋತ ಕಾಲು, ಕೊನೆಗೆ ಗಟ್ಟಿ ಕಾಲು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು.

ನಮ್ಮನ್ನು ಜಾಸ್ತಿ ಕಾಡಿದ್ದು ಹೊಸ್ತಿಲು. ಒಂದು ದಿನ ಅಪ್ಪ ನಡುಮನೆಗೆ ಬಂದು ಕುಳಿತರು. ಎಡಗಾಲಿನ ಹವಾಯಿ ಚಪ್ಪಲಿ ಹೊಸ್ತಿಲಾಚೆಯೇ ಉಳಿದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಪಾದದ ಮುಂಭಾಗ ಮೇಲೇಳದೆ ಜೋತುಬಿದ್ದರೆ ಹೀಗೇ ಆಗುತ್ತದೆ. ಅವತ್ತೇ ಆ ಚಪ್ಪಲಿ ಬಿಡಿಸಿ, ಹಿಂಬದಿ ಪಟ್ಟಿ ಇರುವುದನ್ನು ತಂದೆವು. ಫಿಸಿಯೋಥೆರಪಿಸ್ಟ್ ಪಾದ ಎತ್ತಿ ಹಿಡಿಯುವ ಸ್ಪ್ಲಿಂಟ್ ಹಾಕಿಸಿದರು. ಸಕಲೇಶಪುರದ ಕಡೆಯವರಿಗೆ ಇನ್ನೊಂದು ಮಾತು: ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆ, ಆಗ ಜಗಲಿಯಲ್ಲೇ ನಡೆಸಿ.

ಎಣ್ಣೆ ತಿಕ್ಕಬೇಡಿ ಎನ್ನುವುದಿಲ್ಲ, ಮೈಗೆ ಹಿತ. ಆದರೆ ನಡಿಗೆ ಕಲಿಸುವುದು ನಡಿಗೆಯೇ.

ಸುಧಾರಣೆ ಕಣ್ಣಿಗೆ ಕಾಣದಿದ್ದರೆ ಅಳೆಯಿರಿ. 10 ಮೀಟರ್ ಗೆರೆ ಹಾಕಿ, ಎಷ್ಟು ಸೆಕೆಂಡ್ ಆಯಿತು ಎಂದು ವಾರಕ್ಕೊಮ್ಮೆ ಬರೆದಿಡಿ. 25 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಸಾಮಾನ್ಯವಾಗಿ ಓಡಾಟ ಮನೆಯೊಳಗೇ. 12-13 ಸೆಕೆಂಡಿಗೆ ಬಂದರೆ ಪೇಟೆ ಕಡೆಗೂ ಹೋಗಬಹುದು. ಈಗ ಅಪ್ಪ 19ರಲ್ಲಿದ್ದಾರೆ. ಸಂಜೆ ಮಹಾರಾಜ ಪಾರ್ಕಿಗೆ ಆಟೋದಲ್ಲಿ ಹೋಗಿ, ಒಳಗೆ ಒಂದಿಷ್ಟು ದೂರ ನಡೆಯುತ್ತಾರೆ.

ಕೆಲವು ದಿನ ಸುಸ್ತು ಜಾಸ್ತಿ, ನಿನ್ನೆ ನಡೆದಷ್ಟು ಇವತ್ತು ಆಗುವುದಿಲ್ಲ. ಅಂಥ ದಿನ ಬೈಯಬೇಡಿ, ಕೂರಿಸಿ. ಮಾತು ಬಿಟ್ಟು, ಊಟ ಬಿಟ್ಟು ವಾರಗಟ್ಟಲೆ ಮಂಕಾಗಿದ್ದರೆ ಡಾಕ್ಟರಿಗೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.

ಕಾಲು ಸರಿಹೋಯಿತೆಂದು ಬಿಪಿ ಮಾತ್ರೆ ಬಿಡುವುದು ಬೇಡವೇ ಬೇಡ. ಹೊಸದಾಗಿ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಮತ್ತೆ ಲಕ್ವ ಹೊಡೆದಿರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಎಷ್ಟು ಗಂಟೆಗೆ ಶುರುವಾಯಿತು ಎಂದು ಮೊದಲು ಗಡಿಯಾರ ನೋಡಿಕೊಳ್ಳಿ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ ಅದೇ.